ಶಿರಾದ ಸನದು, ಲಂಡನ್ನಿನ ಷೇರು

ಇಂಗ್ಲೆಂಡಿನ ರಾಜಕೀಯವನ್ನು ಕುರಿತು ಅಲ್ಲಿಯ ವಿದ್ವಾಂಸರು ನಡೆಸಿದ ಸಂಶೋಧನೆಗೂ ತುಮಕೂರು ಜಿಲ್ಲೆಯ ಶಿರಾಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧ ಉಂಟು. ಹದಿನೆಂಟನೆಯ ಶತಮಾನದ ಇಂಗ್ಲಿಷ್ ರಾಜಕಾರಣದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಾತ್ರವನ್ನು ವಿವೇಚಿಸಿ ಆಕ್ಸ್‌ಫರ್ಡಿನ ಲೂಸಿ ಸದರ್‌ಲೆಂಡ್ 1952ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅದನ್ನು ಓದುವಾಗ ನನಗೆ ಶಿರಾದ ಕೋಟೆಯೇ ಮತ್ತೆ ಮತ್ತೆ ನೆನಪಾಗುತ್ತಿತ್ತು. ಅವರು ಲಂಡನ್ನಿನಿಂದ ಹಿಡಿದ ಎಳೆಯ ಇನ್ನೊಂದು ತುದಿ ಇಲ್ಲಿದೆ.

1687ರಿಂದ ಶಿರಾ ಮೊಗಲರ ಸುಬಾದ ರಾಜಧಾನಿ. ಬಸವಾಪಟ್ಟಣ, ಬೂದಿಹಾಳು, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ, ಶಿರಾ ಎಂಬ ಏಳು ಪರಗಣೆಗಳು ಅದಕ್ಕೆ ಸೇರಿದ್ದವು. ಕಾಗದಪತ್ರಗಳಲ್ಲಿ ಈ ಸೀಮೆಯ ಹೆಸರು ಕರ್ನಾಟಕ ಬಾಲಾಘಾಟ್, ಎಂದರೆ ಘಟ್ಟದ ಮೇಲಿನ ಕರ್ನಾಟಕ. ಕನ್ನಡದ ಮೇಷ್ಟರಾದ ನನಗೆ ಇಲ್ಲೊಂದು ಮಾತು ಹೇಳದೆ ಮುಂದುವರಿಯಲು ಮನಸ್ಸಿಲ್ಲ: ಇಂಗ್ಲಿಷರು ಬರಿದೆ ‘ಕರ್ನಾಟಿಕ್’ ಎಂದು ಕರೆದದ್ದು ಘಟ್ಟದ ಕೆಳಗಿನ ಆರ್ಕಾಟಿನ ಸೀಮೆಯನ್ನು. ಕನ್ನಡ ನಾಡಿಗೆ ತನ್ನ ಹೆಸರು ದಕ್ಕಬೇಕಾದರೂ ಅದಕ್ಕೊಂದು ಬಾಲ ಸೇರಬೇಕಾಯಿತು.

1757ರಲ್ಲಿ ಶಿರಾ ಮರಾಠರ ವಶವಾಯಿತು. 1761ರಲ್ಲಿ ನಿಜಾಮನ ಸಹೋದರ ಬಸಾಲತ್ ಜಂಗನು ಅದನ್ನು ಗೆಲ್ಲಲು ಹೊರಟು, ತನ್ನಿಂದಾಗದೆಂದು ಕಂಡು, ಹೈದರಾಲಿಯೊಡನೆ ಒಪ್ಪಂದ ಮಾಡಿಕೊಂಡನು. ಮೂರು ಲಕ್ಷ ರೂಪಾಯಿಗಳ ನಜರಿಗೆ ಹೈದರನಿಗೆ ಶಿರಾದ ನವಾಬಗಿರಿಯ ಸನದು ದೊರೆಯಿತು. ಕೊಟ್ಟವನಿಗೆ ಕೊಡುವ ಅಧಿಕಾರವಿರಲಿಲ್ಲ, ಕೊಟ್ಟ ಊರೂ ಅವನ ಕೈಯಲ್ಲಿರಲಿಲ್ಲ. ಮೈಸೂರಿನ ರೆಸಿಡೆಂಟನಾಗಿದ್ದ ವಿಲ್ಕ್ಸ್ ತನ್ನ ಚರಿತ್ರೆಯಲ್ಲಿ ಈ ವ್ಯಾಪಾರವನ್ನು ಕುಹಕದಿಂದಲೇ ಬಣ್ಣಿಸುತ್ತಾನೆ. ಆದರೆ ಹೈದರನು ಹೊಸಕೋಟೆಯನ್ನೂ ಶಿರಾವನ್ನೂ ಗೆದ್ದು ಆ ಕಾಗದಕ್ಕೆ ಜೀವ ತುಂಬಿದನು.

ವಿಲ್ಕ್ಸನ ದೇಶಬಾಂಧವರು ಮಾಡಿದ್ದಾದರೂ ಏನು? 1768ರ ಫೆಬ್ರವರಿಯಲ್ಲಿ ಮದರಾಸಿನ ಕಂಪನಿ ಸರ್ಕಾರ ನಿಜಾಮನೊಡನೆ ಒಂದು ಕೌಲು ಮಾಡಿಕೊಂಡಿತು. ಅದರಲ್ಲಿ ಹೈದರನು ದಂಗೆಕೋರ, ಅವನ ಸನದುಗಳೆಲ್ಲ ರದ್ದು. ಕರ್ನಾಟಕ ಬಾಲಾಘಾಟಿನ ದಿವಾನಗಿರಿ ವರ್ಷಕ್ಕೆ ಏಳು ಲಕ್ಷ ರೂಪಾಯಿ ಪೇಷ್‌ಕಷ್‌ಗೆ ಕಂಪನಿಯದು. ಆಗ ಶಿರಾ ಇದ್ದದ್ದು ಮತ್ತೆ ಮರಾಠರ ಬಳಿ! ಬಸಾಲತ್ ಜಂಗನ ಸನದಿಗೂ ಇದಕ್ಕೂ ನನಗೇನೂ ಭೇದ ಕಾಣದು.

ಲಂಡನ್ನಿನ ನಿರ್ದೇಶಕರಿಗೆ ಈ ವಿಸ್ತರಣೆ ರುಚಿಸಲಿಲ್ಲ. ಅಲ್ಲಿ 500 ಪೌಂಡಿನ ಷೇರುಳ್ಳವನಿಗೆ ಕಂಪನಿಯ ಸಭೆಯಲ್ಲಿ ಒಂದು ಮತ. ಮತಗಳಿಗಾಗಿ ಮಂತ್ರಿಗಳೂ ಸಟ್ಟಾ ವ್ಯಾಪಾರಿಗಳೂ ಷೇರುಗಳನ್ನು ಹಂಚಿ ಹರಡುತ್ತಿದ್ದರು; ಪಾರ್ಲಿಮೆಂಟಿನ ಅನೇಕ ಸದಸ್ಯರು ಸಾಲ ಮಾಡಿ ಕೊಂಡಿದ್ದರು. 1769ರ ಮೇ ತಿಂಗಳಲ್ಲಿ ಹೈದರನ ಕುದುರೆಗಳು ಆರ್ಕಾಟಿನ ಸೀಮೆಯನ್ನು ತುಳಿಯುತ್ತಿವೆಯೆಂಬ ಸುದ್ದಿ ಮುಟ್ಟಿದೊಡನೆ ಷೇರಿನ ಬೆಲೆ ಕುಸಿಯಿತು. ಎಡ್ಮಂಡ್ ಬರ್ಕನು ಬಂಧುವೆಂದೇ ಭಾವಿಸಿದ್ದ, ಪಾರ್ಲಿಮೆಂಟಿನ ಸದಸ್ಯ ವಿಲಿಯಂ ಬರ್ಕ್ ದಿವಾಳಿಯಾದನು.

ಆ ವೇಳೆಗೆ ಹೈದರನು ಮದರಾಸಿನ ಬಾಗಿಲಲ್ಲಿ ನಿಂತು ಏಪ್ರಿಲಿನಲ್ಲೇ ಕೌಲು ಬರೆಸಿಕೊಂಡಿದ್ದನು: ಒಬ್ಬರ ಮೇಲೆ ಶತ್ರು ಬಿದ್ದರೆ ಇನ್ನೊಬ್ಬರು ನೆರವಾಗಬೇಕು. 1771ರಲ್ಲಿ ಮೇಲುಕೋಟೆಯ ಬಳಿ ಮರಾಠರು ಅವನನ್ನು ಮುರಿದಾಗ ನೆರವು ಬರಲಿಲ್ಲ. ಕಾರಣ ಮದರಾಸಿನಲ್ಲಿ ಅಷ್ಟೇ ಅಲ್ಲ, ಲಂಡನ್ನಿನಲ್ಲಿಯೂ ಇತ್ತು. ಆರ್ಕಾಟಿನ ಮಹಮ್ಮದಾಲಿಯನ್ನು 1763ರ ಪ್ಯಾರಿಸ್ ಒಪ್ಪಂದ ನವಾಬನೆಂದು ಮನ್ನಿಸಿತ್ತು. ಅದನ್ನೇ ಆಧಾರ ಮಾಡಿಕೊಂಡು ಇಂಗ್ಲೆಂಡಿನ ಮಂತ್ರಿಗಳು ಸರ್ ಜಾನ್ ಲಿಂಡ್ಸೆಯನ್ನು ದೊರೆಯ ಪ್ರತಿನಿಧಿಯಾಗಿ 1770ರಲ್ಲಿ ಮದರಾಸಿಗೆ ಕಳುಹಿಸಿದ್ದರು. ಅವನು ಮರಾಠರನ್ನು ಕೂಡಿಕೊಳ್ಳಿ ಎಂದನು, ಕೌನ್ಸಿಲು ಒಪ್ಪಲಿಲ್ಲ. ಹೈದರನ ಕಡೆಗೂ ಹೋಗಲಿಲ್ಲ. ಒಂದು ರಾಜ್ಯಕ್ಕೆ ಎರಡು ನಾಲಗೆಯಾದಾಗ ಕೊಟ್ಟ ಮಾತು ಯಾರ ಪಾಲಿಗೂ ಉಳಿಯಲಿಲ್ಲ. ನಮ್ಮ ಪಠ್ಯಪುಸ್ತಕಗಳು ಇದನ್ನು ಬರಿಯ ‘ಇಂಗ್ಲಿಷರ ವಿಶ್ವಾಸಘಾತ’ ಎಂದು ಬಿಟ್ಟುಬಿಡುತ್ತವೆ. ಆ ಘಾತ ಹೇಗೆ ಸಿದ್ಧವಾಯಿತೆಂಬುದನ್ನು ತಿಳಿಯಲು ಸದರ್‌ಲೆಂಡರಂಥವರನ್ನು ಓದಲೇಬೇಕು. ಅವರ ಶಿಷ್ಯರೂ ಒಮ್ಮೆ ಶಿರಾಕ್ಕೆ ಬರಬೇಕು.

ಶಿರಾವನ್ನು 1774ರಲ್ಲಿ ಟಿಪ್ಪು ಮರಳಿ ಗೆದ್ದನು. 1780ರಲ್ಲಿ ಹೈದರನು ಘಟ್ಟವಿಳಿದು ಆರ್ಕಾಟಿನ ಸೀಮೆಯನ್ನು ಸುಟ್ಟನು. ಆ ಘೋರವನ್ನು 1785ರಲ್ಲಿ ಪಾರ್ಲಿಮೆಂಟಿನಲ್ಲಿ ವರ್ಣಿಸಿದವನು ಎಡ್ಮಂಡ್ ಬರ್ಕ್. ಯಾವ ಕರಾರಿಗೂ ಕಟ್ಟುಬೀಳದ ಜನರೊಡನೆ ಹೈದರನು ವ್ಯವಹರಿಸಬೇಕಾಗಿತ್ತು ಎಂಬುದನ್ನು ಅವನು ಆ ಸಭೆಯಲ್ಲಿಯೇ ಹೇಳಿದನು.