ಶಾಲಾ ಬಸ್ಸು ಕೇಳಿದ ತಪ್ಪಿಗೆ

ಅಮೆರಿಕದ ಕಪ್ಪು ಜನರ ಹೋರಾಟದ ಪ್ರಸ್ತಾಪ ಬಂದಾಗಲೆಲ್ಲ ನಾವು 1955ರ ಡಿಸೆಂಬರ್‌ನಲ್ಲಿ ಮಾಂಟ್ಗೊಮರಿಯ ಬಸ್ಸಿನಲ್ಲಿ ಸೀಟು ಬಿಟ್ಟುಕೊಡಲು ನಿರಾಕರಿಸಿದ ರೋಸಾ ಪಾರ್ಕ್ಸ್‌ರನ್ನು ನೆನೆಯುತ್ತೇವೆ. ಅದಕ್ಕೂ ಎಂಟು ವರ್ಷ ಮೊದಲು ಇನ್ನೊಂದು ಬಸ್ಸಿನ ಜಗಳ ನಡೆದಿತ್ತು. ಅಲ್ಲಿ ಬಸ್ಸೇ ಇರಲಿಲ್ಲ. ಬಸ್ಸು ಬೇಕೆಂದು ಕೇಳಿದ್ದೇ ಜಗಳದ ಮೂಲವಾಯಿತು.

ಊರಿನ ಹೆಸರು ಸಮ್ಮರ್ಟನ್. ದಕ್ಷಿಣ ಕೆರೊಲಿನಾ ರಾಜ್ಯದ ಕ್ಲಾರೆಂಡನ್ ಕೌಂಟಿಯಲ್ಲಿ, ಹತ್ತಿ ಬೆಳೆಯುವ ಬಯಲಿನ ನಡುವೆ ಇರುವ ಪುಟ್ಟ ಪಟ್ಟಣ. ಅಮೆರಿಕದಲ್ಲಿ 'ಶಾಲಾ ಜಿಲ್ಲೆ' ಎಂದರೆ ನಮ್ಮ ಕಂದಾಯ ಜಿಲ್ಲೆಯಲ್ಲ. ಒಂದು ಪಟ್ಟಣ ಮತ್ತು ಸುತ್ತಲ ಹಳ್ಳಿಗಳ ಸರಕಾರಿ ಶಾಲೆಗಳನ್ನು ನಡೆಸಲು ಬೇರೆಯೇ ಆದ ಒಂದು ಮಂಡಳಿ, ಅದಕ್ಕೊಂದು ಗಡಿ, ಅದಕ್ಕಾಗಿ ಜನ ಕಟ್ಟುವ ತೆರಿಗೆ. ಸ್ಥಳೀಯರ ಶಾಲೆ ಸ್ಥಳೀಯರ ಕೈಯಲ್ಲೇ ಇರಬೇಕೆಂಬುದು ಕೇಳಲು ಚಂದದ ತತ್ವ. ಆದರೆ ಸ್ಥಳೀಯರು ಯಾರೆಂದು ತೀರ್ಮಾನಿಸುವವರು ಯಾರು ಎಂಬಲ್ಲಿ ಅದರ ಗುಟ್ಟಿದೆ. ಸಮ್ಮರ್ಟನ್‌ನಲ್ಲಿ ಶಾಲಾ ಮಂಡಳಿಯವರೆಲ್ಲ ಬಿಳಿಯರು, ವಿದ್ಯಾರ್ಥಿಗಳಲ್ಲಿ ಬಹುಸಂಖ್ಯಾತರು ಕಪ್ಪು ಮಕ್ಕಳು.

1949-50ರ ಲೆಕ್ಕ ನೋಡಿ. ಕೌಂಟಿಯಲ್ಲಿ 6,500ಕ್ಕೂ ಹೆಚ್ಚು ಕಪ್ಪು ವಿದ್ಯಾರ್ಥಿಗಳಿದ್ದರು, ಬಿಳಿಯ ವಿದ್ಯಾರ್ಥಿಗಳು ಸುಮಾರು 2,400. ಒಬ್ಬ ಬಿಳಿ ವಿದ್ಯಾರ್ಥಿಗೆ ವರ್ಷಕ್ಕೆ 179 ಡಾಲರ್ ಖರ್ಚಾದರೆ ಕಪ್ಪು ವಿದ್ಯಾರ್ಥಿಗೆ 43 ಡಾಲರ್. ಬಿಳಿಯರ ಮಕ್ಕಳಿಗೆ 30 ಬಸ್ಸುಗಳು, ಕಪ್ಪು ಮಕ್ಕಳಿಗೆ ಒಂದೂ ಇಲ್ಲ. 1940ರ ದಶಕದ ಆರಂಭದಲ್ಲಿ ಸ್ಯಾಂಟೀ ನದಿಗೆ ಅಣೆಕಟ್ಟು ಕಟ್ಟಿ ಹಿನ್ನೀರು ತುಂಬಿದ ಮೇಲೆ ಕೆಲವು ಮಕ್ಕಳು ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಶಾಲೆಗೆ ಹೋಗಬೇಕಾಯಿತು. ಮಳೆಗಾಲದಲ್ಲಿ ಸಂಕ ದಾಟಿ ಶಾಲೆಗೆ ಹೋಗುವ ಮಲೆನಾಡಿನ ಮಕ್ಕಳನ್ನು ಕಂಡ ನಮಗೆ ಇದು ಅಂಥ ವಿಶೇಷವೇನಲ್ಲ ಎನಿಸಬಹುದು. ಆದರೆ ಅಲ್ಲಿ ಬಸ್ಸು ಇತ್ತು. ನಡೆಯುವ ಮಕ್ಕಳ ಪಕ್ಕದಲ್ಲೇ ಅದು ಧೂಳೆಬ್ಬಿಸಿ ಹೋಗುತ್ತಿತ್ತು.

ಕಪ್ಪು ಪಾಲಕರು ಮೊದಲು ಜಗಳವಾಡಲಿಲ್ಲ. ತಾವೇ ಹಣ ಕೂಡಿಸಿ ಒಂದು ಹಳೆಯ ಬಸ್ಸು ಕೊಂಡರು. ಅದು ಪದೇ ಪದೇ ಕೆಟ್ಟಿತು. ಕೊನೆಗೆ ಬಸ್ಸಿಗೆ ಪೆಟ್ರೋಲನ್ನಾದರೂ ಕೊಡಿ ಎಂದು ಕೇಳಿದರು. ಅದೂ ಸಿಗಲಿಲ್ಲ. ಆಗ ಪಾದ್ರಿಯೂ ಶಿಕ್ಷಕರೂ ಆಗಿದ್ದ ಜೋಸೆಫ್ ಡಿಲೇನ್‌ರ ಪ್ರೋತ್ಸಾಹದಿಂದ ಲೀವೈ ಪಿಯರ್ಸನ್ ಎಂಬ ರೈತ 1947ರಲ್ಲಿ ಅರ್ಜಿ ಕೊಟ್ಟರು, ಮರುವರ್ಷ ನ್ಯಾಯಾಲಯಕ್ಕೆ ಹೋದರು. ಪ್ರಕರಣ ಬಿದ್ದುಹೋದದ್ದು ಹೇಗೆ ಗೊತ್ತೇ? ಅವರ ಜಮೀನು ಎರಡು ಶಾಲಾ ಜಿಲ್ಲೆಗಳ ಗಡಿಯ ಮೇಲಿತ್ತು. ತೆರಿಗೆ ಕಟ್ಟುವುದು ಒಂದಕ್ಕೆ, ಮಕ್ಕಳು ಓದುವುದು ಇನ್ನೊಂದರಲ್ಲಿ, ಆದ್ದರಿಂದ ಕೇಳುವ ಹಕ್ಕಿಲ್ಲ ಎಂದಾಯಿತು. ಇತ್ತ ಊರಿನ ಅಂಗಡಿ, ಬ್ಯಾಂಕುಗಳು ಅವರಿಗೆ ಸಾಲ ನಿಲ್ಲಿಸಿದವು. ಕೊಯ್ಲು ಯಂತ್ರ ಬಾಡಿಗೆಗೆ ಸಿಗದೆ ಬೆಳೆ ಹೊಲದಲ್ಲೇ ಕೊಳೆಯಿತು.

ಇನ್ನು ಒಬ್ಬನನ್ನೇ ಮುಂದೆ ಬಿಟ್ಟರೆ ಆಗದು ಎಂದು ವಕೀಲ ಥರ್ಗುಡ್ ಮಾರ್ಷಲ್ ಕನಿಷ್ಠ ಇಪ್ಪತ್ತು ಮಂದಿ ಬೇಕೆಂದರು. 1949ರ ನವೆಂಬರ್‌ನಲ್ಲಿ ನೂರಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ಈ ಸಲ ಬಸ್ಸೊಂದೇ ಅಲ್ಲ, ಎಲ್ಲದರಲ್ಲೂ ಸಮಾನತೆ ಬೇಕೆಂದು ಕೇಳಿದರು. ಹ್ಯಾರಿ ಬ್ರಿಗ್ಸ್ ನೌಕಾಪಡೆಯಲ್ಲಿ ದುಡಿದು ಬಂದವರು, ಪೆಟ್ರೋಲ್ ಬಂಕಿನ ಕೆಲಸಗಾರ. ಕ್ರಿಸ್‌ಮಸ್‌ನ ಮುನ್ನಾದಿನ ಅವರ ಕೆಲಸ ಹೋಯಿತು. ಮೋಟೆಲ್‌ನಲ್ಲಿ ಕೋಣೆ ಗುಡಿಸುತ್ತಿದ್ದ ಹೆಂಡತಿ ಎಲೈಜಾರ ಕೆಲಸವೂ ಹೋಯಿತು. ಇತಿಹಾಸದಲ್ಲಿ ಉಳಿದ ಹೆಸರು ಅವರದೇ: ಬ್ರಿಗ್ಸ್ ವಿರುದ್ಧ ಎಲಿಯಟ್. ಎಲಿಯಟ್ ಎಂದರೆ ಶಾಲಾ ಮಂಡಳಿಯ ಅಧ್ಯಕ್ಷ, ಸಾಮಿಲ್ಲಿನ ಮಾಲೀಕ.

ನ್ಯಾಯಾಧೀಶ ವೇಟೀಸ್ ವೇರಿಂಗ್ ಚಾರ್ಲ್ಸ್‌ಟನ್‌ನ ಹಳೆಯ ಬಿಳಿ ಮನೆತನದವರು. ಬರೀ ಸೌಲಭ್ಯ ಕೇಳಬೇಡಿ, ಪ್ರತ್ಯೇಕ ಶಾಲೆಯ ಪದ್ಧತಿಯನ್ನೇ ಪ್ರಶ್ನಿಸಿ ಎಂದು ಅವರು ಮಾರ್ಷಲ್‌ರಿಗೆ ಸೂಚಿಸಿದರು. 1951ರ ಮೇ ತಿಂಗಳಲ್ಲಿ ವಿಚಾರಣೆ ಶುರುವಾದಾಗ ರಾಜ್ಯದ ವಕೀಲರು ಎದ್ದು ನಿಂತು, ಶಾಲೆಗಳು ಸಮಾನವಾಗಿಲ್ಲ, ನಿಜ, ಸರಿಪಡಿಸುತ್ತೇವೆ ಎಂದು ಒಪ್ಪಿಕೊಂಡುಬಿಟ್ಟರು. ಇದು ಜಾಣತನದ ಒಪ್ಪಿಗೆ. ಹೊಸ ಕಟ್ಟಡ ಕೊಟ್ಟು ಹಳೆಯ ಗೋಡೆ ಉಳಿಸಿಕೊಳ್ಳುವ ಲೆಕ್ಕಾಚಾರ. ಅದಕ್ಕೆಂದೇ ರಾಜ್ಯ ಸರಕಾರ ಶೇ. 3ರ ಮಾರಾಟ ತೆರಿಗೆ ಹಾಕಿತ್ತು. ಇಬ್ಬರು ನ್ಯಾಯಾಧೀಶರು ಪ್ರತ್ಯೇಕತೆ ಸರಿ ಎಂದರು. ಪ್ರತ್ಯೇಕಿಸುವುದೇ ಅಸಮಾನತೆ ಎಂದು ವೇರಿಂಗ್ ಒಬ್ಬರೇ ಭಿನ್ನ ತೀರ್ಪು ಬರೆದರು. ಸ್ವಂತ ಊರು ಅವರ ಬೆನ್ನಿಗೆ ನಿಲ್ಲಲಿಲ್ಲ. ಮರುವರ್ಷ ನಿವೃತ್ತರಾಗಿ ಅವರು ನ್ಯೂಯಾರ್ಕಿಗೆ ಹೊರಟುಹೋದರು.

ಸುಪ್ರೀಂ ಕೋರ್ಟನ್ನು ಮೊದಲು ತಲುಪಿದ್ದು ಈ ಪ್ರಕರಣವೇ. ಆದರೆ ಅದು ಒಮ್ಮೆ ಹಿಂದಿರುಗಿ ಬಂದ ಕಾರಣ ಐದು ಪ್ರಕರಣಗಳ ಗುಂಪಿಗೆ ಕ್ಯಾನ್ಸಸ್‌ನ ಬ್ರೌನ್ ಹೆಸರು ಬಿತ್ತು. 1954ರ ಮೇ 17ರಂದು ನ್ಯಾಯಾಲಯ ಒಮ್ಮತದಿಂದ ಹೇಳಿದ್ದು ವೇರಿಂಗ್ ಬರೆದಿದ್ದ ಮಾತನ್ನೇ.

ಡಿಲೇನ್‌ರ ಕತೆ ಹೇಳದಿದ್ದರೆ ಇದು ಅಪೂರ್ಣ. 1951ರಲ್ಲಿ ಅವರ ಮನೆಗೆ ಬೆಂಕಿ ಬಿತ್ತು. ಬಂದ ಅಗ್ನಿಶಾಮಕ ದಳ ಸುಮ್ಮನೆ ನಿಂತು ನೋಡಿತು. ಮನೆ ಪಟ್ಟಣದ ಮಿತಿಯ ಹೊರಗಿದೆ ಎಂಬುದು ಕಾರಣ. ಮತ್ತೆ ಗಡಿ! 1955ರಲ್ಲಿ ಲೇಕ್ ಸಿಟಿಯಲ್ಲಿ ಅವರ ಚರ್ಚು ಸುಟ್ಟಿತು, ಮನೆಯ ಮೇಲೆ ಗುಂಡು ಹಾರಿತು. ಇವರೂ ತಿರುಗಿ ಗುಂಡು ಹಾರಿಸಿ ರಾಜ್ಯ ಬಿಟ್ಟು ಓಡಿದರು. ಬಂಧನದ ವಾರಂಟು ಹೊರಟಿದ್ದು ಇವರ ಮೇಲೆ. 1974ರಲ್ಲಿ ತೀರಿಕೊಳ್ಳುವವರೆಗೂ ಅದು ಜೀವಂತವಾಗಿತ್ತು. ರದ್ದಾದದ್ದು 2000ದಲ್ಲಿ.

ಶಾಲೆಗಳಾದರೂ ಒಂದಾದವೇ? ತೀರ್ಪು ಬಂದು ಹನ್ನೊಂದು ವರ್ಷಗಳ ನಂತರ, 1965ರಲ್ಲಿ, ಬಿಳಿಯರ ಸಮ್ಮರ್ಟನ್ ಹೈಸ್ಕೂಲಿಗೆ ಮೊದಲ ಕಪ್ಪು ವಿದ್ಯಾರ್ಥಿಗಳು ಕಾಲಿಟ್ಟರು. ಅದೇ ವರ್ಷ ಊರಿನಲ್ಲಿ ಕ್ಲಾರೆಂಡನ್ ಹಾಲ್ ಎಂಬ ಖಾಸಗಿ ಶಾಲೆ ತೆರೆಯಿತು. ಕ್ರಮೇಣ ಬಿಳಿಯ ಮಕ್ಕಳು ಬಹುತೇಕ ಅತ್ತ ಸಾಗಿದರು, ಸರಕಾರಿ ಶಾಲೆಗಳಲ್ಲಿ ಉಳಿದವರು ಬಹುತೇಕ ಕಪ್ಪು ಮಕ್ಕಳೇ. ನ್ಯಾಯಾಲಯ ಬಾಗಿಲು ತೆರೆಸಿತು, ಆದರೆ ಒಳಗಿದ್ದವರು ಎದ್ದು ಹೋಗುವುದನ್ನು ತಡೆಯುವ ಕಾನೂನು ಇರಲಿಲ್ಲ. ಹೈಸ್ಕೂಲಿನ ಹಳೆಯ ಕಟ್ಟಡ ಮುಂದೆ ಶಾಲಾ ಜಿಲ್ಲೆಯ ಕಚೇರಿಯಾಯಿತು.

2004ರಲ್ಲಿ ಡಿಲೇನ್, ಪಿಯರ್ಸನ್ ಮತ್ತು ಬ್ರಿಗ್ಸ್ ದಂಪತಿಗೆ ಅಮೆರಿಕನ್ ಸಂಸತ್ತಿನ ಚಿನ್ನದ ಪದಕ ಸಂದಿತು. ಸ್ವೀಕರಿಸಲು ಅವರಲ್ಲಿ ಯಾರೂ ಬದುಕಿರಲಿಲ್ಲ. 2022ರಲ್ಲಿ ಆ ಹಳೆಯ ಹೈಸ್ಕೂಲು ಕಟ್ಟಡವನ್ನೂ ಕಪ್ಪು ಮಕ್ಕಳ ಸ್ಕಾಟ್ಸ್ ಬ್ರಾಂಚ್ ಶಾಲೆಯನ್ನೂ ಬ್ರೌನ್ ತೀರ್ಪಿನ ರಾಷ್ಟ್ರೀಯ ಸ್ಮಾರಕಕ್ಕೆ ಸೇರಿಸುವ ಕಾಯ್ದೆಗೆ ಸಹಿ ಬಿತ್ತು. ಕಾಗದದ ಮೇಲೆ ಎರಡೂ ಶಾಲೆಗಳು ಈಗ ಒಂದೇ ಗಡಿಯೊಳಗಿವೆ.