ಕೋಲಾರ ಜಿಲ್ಲೆಯಲ್ಲಿ ಲಾರಿ ಚಾಲಕರ ದುಡಿಮೆಯ ಅವಧಿ ಮತ್ತು ವಿಶ್ರಾಂತಿ

ಕೋಲಾರ ಜಿಲ್ಲೆಯಲ್ಲಿ ಲಾರಿ ಚಾಲಕರ ದುಡಿಮೆಯ ಅವಧಿ ಮತ್ತು ವಿಶ್ರಾಂತಿಯನ್ನು ಭಾರತದ ಮೋಟಾರು ವಾಹನ ಕಾನೂನು ಹಾಗೂ ಕಾರ್ಮಿಕ ಕಾನೂನುಗಳು ನಿಯಂತ್ರಿಸುತ್ತವೆ. ಜಿಲ್ಲೆಯು ಬೆಂಗಳೂರು–ಚೆನ್ನೈ ಹೆದ್ದಾರಿಯ ಮೇಲಿದ್ದು, ಟೊಮೆಟೊ, ಮಾವು, ಇಟ್ಟಿಗೆ, ಹಂಚು ಹಾಗೂ ಕಾರ್ಖಾನೆಗಳ ಸರಕು ಇಲ್ಲಿಂದ ಲಾರಿಗಳ ಮೂಲಕ ಹೊರಹೋಗುತ್ತವೆ. ಚಾಲಕನ ದಿನದ ಒಂದು ದೊಡ್ಡ ಪಾಲು ವಾಹನ ಓಡಿಸುವುದರಲ್ಲಿ ಅಲ್ಲ, ಕಾಯುವುದರಲ್ಲಿ ಕಳೆಯುತ್ತದೆ. ಈ ಕಾಯುವಿಕೆಯು ಕಾನೂನಿನ ಲೆಕ್ಕದಲ್ಲಿ ಬಹುಪಾಲು ಕೆಲಸವೆನಿಸುವುದಿಲ್ಲ. ಚಾಲಕನಿಗೆ ಅದು ನಿದ್ರೆಯೂ ಆಗುವುದಿಲ್ಲ.

ಕಾನೂನಿನ ಚೌಕಟ್ಟು

1961ರ ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮವು ವಯಸ್ಕ ಕಾರ್ಮಿಕನ ದುಡಿಮೆಯನ್ನು ದಿನಕ್ಕೆ 8 ಗಂಟೆ ಮತ್ತು ವಾರಕ್ಕೆ 48 ಗಂಟೆಗಳಿಗೆ ಮಿತಿಗೊಳಿಸಿತು. ದೂರದ ಮಾರ್ಗಗಳಲ್ಲಿ ಹಾಗೂ ಹಬ್ಬದಂತಹ ವಿಶೇಷ ಸಂದರ್ಭಗಳಲ್ಲಿ, ಪ್ರಾಧಿಕಾರದ ಒಪ್ಪಿಗೆ ಪಡೆದು ಇದನ್ನು ದಿನಕ್ಕೆ 10, ವಾರಕ್ಕೆ 54 ಗಂಟೆಗಳವರೆಗೆ ಹೆಚ್ಚಿಸಲು ಅವಕಾಶವಿತ್ತು. ಸತತ 5 ಗಂಟೆಗಳ ಕೆಲಸದ ನಂತರ ಕನಿಷ್ಠ ಅರ್ಧ ಗಂಟೆಯ ಬಿಡುವು ಹಾಗೂ ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಆರಂಭವಾಗುವ ನಡುವೆ ಸತತ 9 ಗಂಟೆಗಳ ವಿಶ್ರಾಂತಿ ಕಡ್ಡಾಯವಾಗಿದ್ದವು. ಬಿಡುವೂ ಸೇರಿ ದಿನದ ಕೆಲಸವು ಆರಂಭದಿಂದ ಅಂತ್ಯದವರೆಗೆ 12 ಗಂಟೆಗಳನ್ನು ಮೀರುವಂತಿರಲಿಲ್ಲ. ಚಾಲಕರು ರಾತ್ರಿ ತಂಗಬೇಕಾದ ಸ್ಥಳಗಳಲ್ಲಿ ಮಾಲೀಕರು ವಿಶ್ರಾಂತಿ ಕೊಠಡಿ ಒದಗಿಸಬೇಕೆಂದೂ ಅಧಿನಿಯಮ ಹೇಳಿತ್ತು.

ಈ ಅಧಿನಿಯಮವು ಐದು ಅಥವಾ ಹೆಚ್ಚು ಸಾರಿಗೆ ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತಿತ್ತು. ಒಂದೆರಡು ಲಾರಿಗಳ ಮಾಲೀಕನ ಬಳಿ ದುಡಿಯುವ ಚಾಲಕನಿಗೆ ವಿಶ್ರಾಂತಿ ಕೊಠಡಿಯಂತಹ ಸೌಲಭ್ಯಗಳ ಹಕ್ಕು ಅದರಿಂದ ದೊರೆಯುತ್ತಿರಲಿಲ್ಲ. 1988ರ ಮೋಟಾರು ವಾಹನ ಅಧಿನಿಯಮದ 91ನೇ ಪ್ರಕರಣವು ಸಾರಿಗೆ ವಾಹನ ಓಡಿಸಲು ನೇಮಿಸಲ್ಪಟ್ಟ ಯಾವುದೇ ವ್ಯಕ್ತಿಯ ದುಡಿಮೆಯ ಅವಧಿಯೂ 1961ರ ಅಧಿನಿಯಮದಂತೆಯೇ ಇರಬೇಕೆಂದು ವಿಧಿಸಿತು.

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. 1961ರ ಅಧಿನಿಯಮ ಅದರಲ್ಲಿ ವಿಲೀನವಾಯಿತು. ದಿನಕ್ಕೆ 8 ಗಂಟೆಗಳ ಮಿತಿಯನ್ನು ಸಂಹಿತೆಯೂ ಉಳಿಸಿಕೊಂಡಿದೆ.

ಕಾಯುವ ಸಮಯದ ಲೆಕ್ಕ

1961ರ ಅಧಿನಿಯಮದ ವ್ಯಾಖ್ಯೆಯಂತೆ ದುಡಿಮೆಯ ಅವಧಿಯಲ್ಲಿ ಮೂರು ಅಂಶಗಳು ಸೇರುತ್ತವೆ: ವಾಹನ ಓಡುವಾಗ ಮಾಡಿದ ಕೆಲಸ, ಅದಕ್ಕೆ ಪೂರಕವಾದ ಕೆಲಸ, ಮತ್ತು ನಿಲ್ದಾಣಗಳಲ್ಲಿ ಸುಮ್ಮನೆ ಹಾಜರಿರುವ, 15 ನಿಮಿಷಕ್ಕಿಂತ ಕಡಿಮೆಯ ಅವಧಿಗಳು. ಈ ವ್ಯಾಖ್ಯೆ ನಿಗದಿತ ವೇಳಾಪಟ್ಟಿಯಂತೆ ಓಡುವ ಬಸ್ಸುಗಳಿಗೆ ಹೆಚ್ಚು ಹೊಂದುತ್ತದೆ. ಲಾರಿ ಚಾಲಕನು ಲೋಡಿಗಾಗಿ ನಾಲ್ಕಾರು ಗಂಟೆ ಕಾದರೆ ಆ ಸಮಯವನ್ನು ದುಡಿಮೆಯ ಹೊರಗಿಡಲು ಇದರಿಂದ ದಾರಿಯಾಗುತ್ತದೆ. ಆದರೆ ಆ ಹೊತ್ತಿನಲ್ಲಿ ಅವನು ಸರತಿಯಲ್ಲಿ ಲಾರಿಯನ್ನು ಮುಂದೆ ಸರಿಸಬೇಕು, ಪೆಟ್ಟಿಗೆಗಳ ಎಣಿಕೆ ನೋಡಬೇಕು, ಟಾರ್ಪಾಲು ಬಿಗಿದು ಹಗ್ಗ ಕಟ್ಟಿಸಬೇಕು.

ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ (ಎಪಿಎಂಸಿ) ಪ್ರಾಂಗಣದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ದೇಶದ ಅತಿ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದಾದ ಇಲ್ಲಿ ಹಣ್ಣು 15 ಕಿಲೋಗ್ರಾಂ ಪೆಟ್ಟಿಗೆಗಳ ಲೆಕ್ಕದಲ್ಲಿ ಹರಾಜಾಗುತ್ತದೆ. ಬೆಳಗಿನ ಹರಾಜಿನ ನಂತರ ವಿಂಗಡಣೆ, ತುಂಬುವಿಕೆ ಮತ್ತು ಲೋಡಿಂಗ್ ನಡೆದು, ದೂರದ ಊರಿನ ಲಾರಿಗಳು ಹೊರಡುವ ವೇಳೆಗೆ ಸಂಜೆಯಾಗುವುದು ಸಾಮಾನ್ಯ. ಹಗಲೆಲ್ಲ ಮಾರುಕಟ್ಟೆಯ ಗದ್ದಲದಲ್ಲಿ ಎಚ್ಚರವಿದ್ದ ಚಾಲಕನು ಪ್ರಯಾಣ ಆರಂಭಿಸುವುದು ರಾತ್ರಿಯಲ್ಲಿ. ಕಾನೂನಿನ ಲೆಕ್ಕದಲ್ಲಿ ಅವನ ಎಂಟು ಗಂಟೆಗಳು ಆಗಷ್ಟೇ ಶುರುವಾಗಿರುತ್ತವೆ.

ದೂರವನ್ನು ಗಮನಿಸಿದರೆ ಸಮಸ್ಯೆಯ ಇನ್ನೊಂದು ಮುಖ ಕಾಣುತ್ತದೆ. ಕೋಲಾರದಿಂದ ದೆಹಲಿಗೆ ಸುಮಾರು 2,200 ಕಿ.ಮೀ. ಗಂಟೆಗೆ ಸರಾಸರಿ 45 ಕಿ.ಮೀ. ಎಂದಿಟ್ಟುಕೊಂಡರೂ ಸ್ಟಿಯರಿಂಗ್ ಹಿಂದಿನ ಸಮಯವೇ ಸುಮಾರು 49 ಗಂಟೆ. ಒಬ್ಬನೇ ಚಾಲಕ ದಿನಕ್ಕೆ 8 ಗಂಟೆಯಂತೆ ಓಡಿಸಿದರೆ ಹೋಗುವ ಪ್ರಯಾಣವೊಂದಕ್ಕೇ ಆರು ದಿನ ಹಿಡಿಯುತ್ತದೆ, ವಾರದ 48 ಗಂಟೆಗಳೂ ಮುಗಿಯುತ್ತವೆ. ಮಾಗಿದ ಟೊಮೆಟೊ ಅಷ್ಟು ದಿನ ತಾಳುವುದಿಲ್ಲ. ಹೀಗಾಗಿ ಇಂತಹ ಲೋಡುಗಳಿಗೆ ಇಬ್ಬರು ಚಾಲಕರು ಸರದಿಯಂತೆ ಓಡಿಸಿದರೆ ಮಾತ್ರ ನಿಯಮವನ್ನೂ ಸಮಯವನ್ನೂ ಉಳಿಸಿಕೊಳ್ಳಲು ಸಾಧ್ಯ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ರಾಷ್ಟ್ರೀಯ ಪರವಾನಗಿಯ ಭಾರಿ ವಾಹನಗಳಲ್ಲಿ ಕನಿಷ್ಠ ಇಬ್ಬರು ಚಾಲಕರಿರಬೇಕೆಂದೂ, ಬಿಡುವಿನಲ್ಲಿರುವವನು ಮಲಗಲು ಚಾಲಕನ ಆಸನದ ಹಿಂದೆ ಅಡ್ಡಲಾಗಿ ಆಸನವಿರಬೇಕೆಂದೂ ಹೇಳಿದ್ದವು. ಇಬ್ಬರ ಕಡ್ಡಾಯವನ್ನು ನಂತರ ಸಡಿಲಿಸಲಾಯಿತು. ಎರಡನೆಯ ಚಾಲಕನ ಸಂಬಳ ಮತ್ತು ಬತ್ತಾ ಬಾಡಿಗೆಯಿಂದಲೇ ಹೋಗಬೇಕಾದ್ದರಿಂದ ಸಣ್ಣ ಮಾಲೀಕರಿಗೆ ಇದು ಹೊರೆಯೆನಿಸುತ್ತದೆ.

ಈ ಅವಸರಕ್ಕೆ ಇ-ವೇ ಬಿಲ್ ಕಾರಣವಲ್ಲ. ತಾಜಾ ತರಕಾರಿ ಮತ್ತು ಹಣ್ಣು ಸರಕು ಮತ್ತು ಸೇವಾ ತೆರಿಗೆಯಿಂದ (ಜಿಎಸ್‌ಟಿ) ಮುಕ್ತವಾಗಿದ್ದು, ಅವುಗಳಿಗೆ ಈ ಬಿಲ್ ಬೇಕಿಲ್ಲ. ನರಸಾಪುರ, ವೇಮಗಲ್ ಮತ್ತು ಮಾಲೂರಿನ ಕೈಗಾರಿಕಾ ಪ್ರದೇಶಗಳಿಂದ ಹೊರಡುವ ಸರಕಿಗೆ ಮಾತ್ರ ಅದರ ಗಡುವು ಅನ್ವಯಿಸುತ್ತದೆ. 2021ರ ಜನವರಿ 1ರಿಂದ ಪ್ರತಿ 200 ಕಿ.ಮೀ.ಗೆ ಒಂದು ದಿನದ ಮಾನ್ಯತೆ ನೀಡಲಾಗುತ್ತಿದೆ. ಮೊದಲು ಅದು 100 ಕಿ.ಮೀ.ಗೆ ಒಂದು ದಿನವಿತ್ತು.

ಗಡಿ ಮತ್ತು ಋತುಮಾನ

ರಾಷ್ಟ್ರೀಯ ಹೆದ್ದಾರಿ 75 ಕೋಲಾರ, ಮುಳಬಾಗಿಲು ಮತ್ತು ನಂಗಲಿಯನ್ನು ಹಾದು ಆಂಧ್ರಪ್ರದೇಶದ ಪಲಮನೇರಿನ ಕಡೆಗೆ ಸಾಗುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಬಳಿಕ ಗಡಿಗಳಲ್ಲಿನ ವಾಣಿಜ್ಯ ತೆರಿಗೆ ತಪಾಸಣಾ ಠಾಣೆಗಳು ಕೊನೆಗೊಂಡು ಕಾಯುವಿಕೆ ಇಳಿಯಿತು. ಅದರ ಜೊತೆಗೆ ಚಾಲಕರು ಅನಿವಾರ್ಯವಾಗಿ ನಿಂತು ಕಣ್ಣುಮುಚ್ಚುತ್ತಿದ್ದ ಒಂದು ತಾಣವೂ ಇಲ್ಲವಾಯಿತೆಂಬುದನ್ನು ಗಮನಿಸಬೇಕು.

ಶ್ರೀನಿವಾಸಪುರ ತಾಲ್ಲೂಕಿನ ಮಾವಿನ ಸಾಗಣೆ ಮೇ ತಿಂಗಳಿನಿಂದ ಜುಲೈವರೆಗೆ ಬಿರುಸಾಗಿರುತ್ತದೆ. ಇಲ್ಲಿನ ತೋತಾಪುರಿ ಹಣ್ಣು ಹೆಚ್ಚಾಗಿ ನೆರೆಯ ಚಿತ್ತೂರು ಜಿಲ್ಲೆಯ ತಿರುಳು ತಯಾರಿಕಾ ಕಾರ್ಖಾನೆಗಳಿಗೆ ಹೋಗುತ್ತದೆ. ದೂರ ಕಡಿಮೆಯಾದರೂ ಕಾರ್ಖಾನೆಯ ಬಾಗಿಲಲ್ಲಿ ಸರತಿ ಉದ್ದವಾದಾಗ ಚಾಲಕರು ಲಾರಿ ಬಿಟ್ಟು ಕದಲುವಂತಿಲ್ಲ. 2025ರ ಜೂನ್ 7ರಂದು ಚಿತ್ತೂರು ಜಿಲ್ಲಾಡಳಿತವು ಹೊರ ರಾಜ್ಯಗಳ ತೋತಾಪುರಿ ಮಾವಿನ ಪ್ರವೇಶವನ್ನು ನಿಷೇಧಿಸಿ ಗಡಿಯಲ್ಲಿ ತಪಾಸಣೆ ಏರ್ಪಡಿಸಿತು. ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಆದೇಶ ಹಿಂಪಡೆಯುವಂತೆ ಆಂಧ್ರದ ಮುಖ್ಯಮಂತ್ರಿ ಎನ್. ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ವಿವಾದದ ಚರ್ಚೆ ಬೆಳೆಗಾರರ ನಷ್ಟವನ್ನೇ ಕುರಿತಾಗಿತ್ತು. ಇಂತಹ ತಡೆಯಲ್ಲಿ ಲಾರಿಯೊಂದಿಗೆ ನಿಲ್ಲುವ ಚಾಲಕನ ಸಮಯದ ಲೆಕ್ಕ ಯಾವ ದಾಖಲೆಗೂ ಬರುವುದಿಲ್ಲ.

ಮಾಲೂರಿನ ಇಟ್ಟಿಗೆ ಮತ್ತು ಹಂಚಿನ ಲಾರಿಗಳು ಮುಖ್ಯವಾಗಿ ಬೆಂಗಳೂರಿಗೆ ಹೋಗುತ್ತವೆ. ಪ್ರಯಾಣ ಚಿಕ್ಕದು, ಆದರೆ ದಟ್ಟಣೆಯ ವೇಳೆಯಲ್ಲಿ ನಗರದೊಳಗೆ ಭಾರಿ ವಾಹನಗಳಿಗೆ ನಿರ್ಬಂಧವಿರುವುದರಿಂದ ಓಡಾಟ ರಾತ್ರಿಗೆ ಅಥವಾ ನಸುಕಿಗೆ ಸರಿಯುತ್ತದೆ.

ತಂಗುವ ತಾಣಗಳು

ಹೆದ್ದಾರಿಯ ಡಾಬಾಗಳು ಮತ್ತು ಪೆಟ್ರೋಲ್ ಬಂಕುಗಳ ಅಂಗಳಗಳೇ ಚಾಲಕರ ಸಾಮಾನ್ಯ ತಂಗುದಾಣಗಳು. ಊಟ, ಸ್ನಾನ ಮತ್ತು ಲಾರಿಯ ಮೇಲೆ ಕಣ್ಣಿಡುವವರು ಒಂದೇ ಕಡೆ ಸಿಗುವುದು ಇದಕ್ಕೆ ಕಾರಣ. ಡೀಸೆಲ್ ಮತ್ತು ಸರಕಿನ ಕಳವಿನ ಭಯದಿಂದ ಚಾಲಕ ಅಥವಾ ಕ್ಲೀನರ್ ಕ್ಯಾಬಿನ್ನಿನಲ್ಲಿಯೇ ಮಲಗುವುದು ರೂಢಿ. ರಸ್ತೆಯಂಚಿನಲ್ಲಿ ದೀಪವಿಲ್ಲದೆ ನಿಂತ ಲಾರಿಗೆ ಹಿಂದಿನಿಂದ ಬಂದ ವಾಹನ ಗುದ್ದುವ ಅಪಾಯವಿರುವುದರಿಂದ, ಸುರಕ್ಷಿತ ನಿಲುಗಡೆ ಕೇವಲ ಚಾಲಕನ ಅನುಕೂಲದ ವಿಷಯವಲ್ಲ.

ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದೊಳಗಿನ ಸುಮಾರು 70 ಕಿ.ಮೀ. ಭಾಗವು 2024ರ ಕೊನೆಯಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. ಇದು ಹೊಸಕೋಟೆಯಿಂದ ಮಾಲೂರಿನ ಮೂಲಕ ಬೇತಮಂಗಲದ ಕಡೆಗೆ ಸಾಗುತ್ತದೆ. ಪ್ರವೇಶ ನಿಯಂತ್ರಿತ ರಸ್ತೆಯಾದ್ದರಿಂದ ಹಳೆಯ ಹೆದ್ದಾರಿಯಂತೆ ಬೇಕೆಂದಲ್ಲಿ ತಿರುಗಿ ಡಾಬಾದ ಮುಂದೆ ನಿಲ್ಲಿಸಲು ಸಾಧ್ಯವಿಲ್ಲ. ವಿಶ್ರಾಂತಿಯು ನಿಗದಿತ ಸೌಲಭ್ಯ ಕೇಂದ್ರಗಳನ್ನೇ ಅವಲಂಬಿಸುತ್ತದೆ.

ಜಾರಿ ಮತ್ತು ಹೋಲಿಕೆ

ಐರೋಪ್ಯ ಒಕ್ಕೂಟದಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷಗಳ ಬಿಡುವು ಕಡ್ಡಾಯ. ಇದನ್ನು ವಾಹನದಲ್ಲಿನ ಟ್ಯಾಕೋಗ್ರಾಫ್ ಎಂಬ ಉಪಕರಣ ದಾಖಲಿಸುತ್ತದೆ. ಅಮೆರಿಕದಲ್ಲಿ ಸರಕು ವಾಹನದ ಚಾಲಕ 14 ಗಂಟೆಗಳ ಅವಧಿಯೊಳಗೆ 11 ಗಂಟೆ ಮಾತ್ರ ಓಡಿಸಬಹುದು. ಲೋಡಿಗಾಗಿ ಕಾದರೂ ಆ 14 ಗಂಟೆಗಳ ಗಡಿಯಾರ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಭಾರತದ ಲಾರಿಗಳಲ್ಲಿ ಇಂತಹ ದಾಖಲೆ ಯಂತ್ರ ಕಡ್ಡಾಯವಿಲ್ಲ. ರಸ್ತೆಯಲ್ಲಿ ತಡೆದ ಅಧಿಕಾರಿಗೆ ಲಾರಿಯ ತೂಕ, ಪರವಾನಗಿ ಪರಿಶೀಲಿಸಿದಷ್ಟು ಸುಲಭವಾಗಿ ಚಾಲಕ ಎಷ್ಟು ಹೊತ್ತಿನಿಂದ ಎಚ್ಚರವಿದ್ದಾನೆಂದು ತಿಳಿಯಲಾಗದು. ವಿಮಾನ ಚಾಲಕರಂತೆ ಲಾರಿ ಚಾಲಕರಿಗೂ ಓಡಿಸುವ ಅವಧಿ ನಿಗದಿಯಾಗಬೇಕೆಂದು ಕೇಂದ್ರ ಸಚಿವ ನಿತಿನ್ ಗಡ್ಕರಿ 2021ರ ಸೆಪ್ಟೆಂಬರ್‌ನಲ್ಲಿ ಹೇಳಿದ್ದರು.

2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯು 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣವನ್ನು ಕಡ್ಡಾಯಗೊಳಿಸಿತು. ಅದಕ್ಕೂ ಮೊದಲು ತಯಾರಾಗಿ ರಸ್ತೆಯಲ್ಲಿರುವ ಲಾರಿಗಳಿಗೆ ಇದು ಅನ್ವಯಿಸುವುದಿಲ್ಲ.