ಎರಡು ಸಾವಿರ ಮೈಲಿಗೆ ಒಂದು ಬಂಡಿ

ಹೆಂಡತಿ, ಮಕ್ಕಳು, ವಯಸ್ಸಾದ ತಾಯಿ, ಆರು ತಿಂಗಳ ದವಸ, ಇವಿಷ್ಟನ್ನೂ ಒಂದು ವಾಹನದಲ್ಲಿ ತುಂಬಿಕೊಂಡು ರಾತ್ರಿಗೊಂದು ಬಯಲಿನಲ್ಲಿ ಬೀಡುಬಿಡುತ್ತ ಸಾಗಬೇಕಾದರೆ ಆ ವಾಹನವನ್ನು ಹೇಗೆ ಸಜ್ಜುಗೊಳಿಸಬೇಕು? ಅಮೆರಿಕದ ಸಹಸ್ರಾರು ರೈತ ಕುಟುಂಬಗಳಿಗೆ 1840ರ ದಶಕದಲ್ಲಿ ಇದು ಜೀವನ್ಮರಣದ ಪ್ರಶ್ನೆಯಾಗಿತ್ತು. ಮಿಸ್ಸೌರಿ ಪ್ರಾಂತದ ಇಂಡಿಪೆಂಡೆನ್ಸ್ ಪಟ್ಟಣದಿಂದ ಪಶ್ಚಿಮದ ಆರೆಗಾನ್‌ಗೆ ಸುಮಾರು ಎರಡು ಸಾವಿರ ಮೈಲಿ. 1843ರಲ್ಲಿ ಸಾವಿರದಷ್ಟು ಜನ ಒಟ್ಟಾಗಿ ಹೊರಟ ಮೇಲೆ ಈ ಹಾದಿ ಹೆದ್ದಾರಿಯೇ ಆಯಿತು. ಪಠ್ಯಪುಸ್ತಕದಲ್ಲಿ ಇದಕ್ಕೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ಆದರೆ ಪಾಠ ಮಾಡುವಾಗ ಹಿಂದಿನ ಬೆಂಚಿನಿಂದ ತಪ್ಪದೆ ಒಂದು ಪ್ರಶ್ನೆ ಬರುತ್ತಿತ್ತು: "ಸಾರ್, ಅಷ್ಟು ದಿನ ಏನು ತಿನ್ನುತ್ತಿದ್ದರು?" ಇತಿಹಾಸದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು ಎಂಬುದು ನನ್ನ ಅಭಿಪ್ರಾಯ.

ಚಲನಚಿತ್ರಗಳಲ್ಲಿ ಕಾಣುವಂತೆ ಇವರ ಬಂಡಿ ಭಾರಿಯಾದುದೇನಲ್ಲ. ಪೆಟ್ಟಿಗೆಯಂಥ ಒಡಲು ಸುಮಾರು ನಾಲ್ಕು ಅಡಿ ಅಗಲ, ಹತ್ತು ಅಡಿ ಉದ್ದ. ಅದರ ಮೇಲೆ ಬಾಗಿಸಿದ ಮರದ ಕಮಾನುಗಳು, ಅವುಗಳಿಗೆ ಹೊದಿಸಿದ ದಪ್ಪ ಬಟ್ಟೆ. ನೀರು ಇಳಿಯದಿರಲೆಂದು ಬಟ್ಟೆಗೆ ಅಗಸೆ ಎಣ್ಣೆಯ ಲೇಪ. ಸುಲಭವಾಗಿ ತಿರುಗಲು ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಚಿಕ್ಕವು. ಹಿಂದಿನ ಅಚ್ಚಿಗೆ ಕೀಲೆಣ್ಣೆಯ ಬಕೆಟ್ಟು ತೂಗುತ್ತಿತ್ತು. ನಮ್ಮ ಎತ್ತಿನ ಗಾಡಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಣಹವೆಯಲ್ಲಿ ಗಾಲಿಯ ಮರ ಕುಗ್ಗಿ ಕಬ್ಬಿಣದ ಪಟ್ಟಿ ಸಡಿಲವಾಗುತ್ತಿತ್ತು. ಆಗ ಗಾಲಿಯನ್ನು ರಾತ್ರಿಯಿಡೀ ಹೊಳೆಯಲ್ಲಿ ನೆನೆಸುವುದು, ಇಲ್ಲವೆ ಸಂದಿಗೆ ಬೆಣೆ ಬಡಿಯುವುದು. ಕುಲುಕಾಟ ತಡೆಯುವ ಸ್ಪ್ರಿಂಗು ಸಾಮಾನ್ಯವಾಗಿ ಇರುತ್ತಿರಲಿಲ್ಲವಾದ್ದರಿಂದ ರೋಗಿಗಳು, ಹಸುಗೂಸುಗಳ ಹೊರತು ಬಹುತೇಕ ಎಲ್ಲರೂ ನಡೆದೇ ಹೋದರು. ಬಂಡಿ ಇದ್ದದ್ದು ಸಾಮಾನಿಗಾಗಿ.

ಎಳೆಯಲು ಕುದುರೆಗಿಂತ ಎತ್ತುಗಳೇ ಮೇಲೆಂದು ಅನುಭವಸ್ಥರು ಹೇಳಿದರು. ಗಂಟೆಗೆ ಎರಡು ಮೈಲಿಯ ನಿಧಾನಗತಿಯಾದರೂ ಅವು ದಾರಿಯ ಹುಲ್ಲನ್ನೇ ಮೇಯ್ದು ಬದುಕುತ್ತಿದ್ದವು. ಆದುದರಿಂದ ಹುಲ್ಲು ಚಿಗುರುವ ಏಪ್ರಿಲ್-ಮೇ ತಿಂಗಳಿಗೆ ಮೊದಲು ಹೊರಡುವಂತಿಲ್ಲ; ತಡಮಾಡಿದರೆ ಪಶ್ಚಿಮದ ಪರ್ವತಗಳಲ್ಲಿ ಹಿಮ ಕಾದಿರುತ್ತದೆ.

ಇನ್ನು ದವಸದ ಲೆಕ್ಕ. ಸೇನಾಧಿಕಾರಿ ರಾಂಡಾಲ್ಫ್ ಮಾರ್ಸಿ 1859ರಲ್ಲಿ ಪ್ರಕಟಿಸಿದ ಪ್ರಯಾಣಿಕರ ಕೈಪಿಡಿಯಲ್ಲಿ, 110 ದಿನಗಳಿಗೆ ವಯಸ್ಕರೊಬ್ಬರಿಗೆ 150 ಪೌಂಡ್ ಹಿಟ್ಟು, 25 ಪೌಂಡ್ ಉಪ್ಪುಹಚ್ಚಿದ ಹಂದಿಮಾಂಸ, 15 ಪೌಂಡ್ ಕಾಫಿ, 25 ಪೌಂಡ್ ಸಕ್ಕರೆ ಎಂದಿದೆ. ಏಳು ಕಿಲೋಗೆ ಸಮೀಪದ ಕಾಫಿ! ಈ ಒಂದು ವಿಷಯದಲ್ಲಿ ಅವರು ನಮ್ಮವರೇ ಎನ್ನಿಸುತ್ತದೆ. ಬಿಸಿಲಿಗೆ ಮಾಂಸದ ಕೊಬ್ಬು ಕರಗದಿರಲು ಅದನ್ನು ತೌಡಿನ ನಡುವೆ ಹುದುಗಿಸಿಡುವ ಉಪಾಯವನ್ನೂ ಆತ ಹೇಳುತ್ತಾನೆ. ಗೃಹಿಣಿಯರ ಜಾಣ್ಮೆ ಇದಕ್ಕೂ ಮಿಗಿಲು. ಬೆಳಗ್ಗೆ ಕರೆದ ಹಾಲಿನ ಪಾತ್ರೆಯನ್ನು ಬಂಡಿಗೆ ತೂಗುಹಾಕಿದರೆ ಕುಲುಕಾಟದಿಂದಲೇ ಸಂಜೆಗೆ ಬೆಣ್ಣೆ ಸಿದ್ಧ. ಸೌದೆ ಸಿಗದ ಬಯಲಿನಲ್ಲಿ ಹೆಂಗಸರೂ ಮಕ್ಕಳೂ ಕಾಡೆಮ್ಮೆಯ ಒಣಗಿದ ಸಗಣಿಯನ್ನು ಆಯ್ದು ತಂದು ಒಲೆ ಹೊತ್ತಿಸುತ್ತಿದ್ದರು. ಬೆರಣಿಯ ಬೆಂಕಿಯಲ್ಲಿ ಬೇಯಿಸಿ ಉಂಡ ನಮ್ಮ ತಲೆಮಾರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಆ ಕಾಡೆಮ್ಮೆಗಳೂ ಹುಲ್ಲೂ ಒಡೆಯರಿಲ್ಲದ ಸೊತ್ತಾಗಿರಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಪಾನೀ, ಲಕೋಟಾ, ಶೋಷೋನಿ ಮುಂತಾದ ಜನರ ನೆಲವದು. ಹಲವೆಡೆ ಅವರೇ ವಲಸಿಗರಿಗೆ ಹೊಳೆ ದಾಟಿಸಿದರು, ಆಹಾರ ಮಾರಿದರು. ದಾರಿಯಲ್ಲಿ ಸತ್ತವರ ಪೈಕಿ ಹೆಚ್ಚಿನವರನ್ನು ಕೊಂದದ್ದು ಬಾಣಗಳಲ್ಲ, ಕಾಲರಾದಂಥ ರೋಗಗಳು.

ಎಷ್ಟೇ ಲೆಕ್ಕಹಾಕಿದರೂ ಹೇರು ಹೆಚ್ಚಾಗುತ್ತಿತ್ತು. ಎತ್ತುಗಳು ಸೋತಂತೆ ಬೀರು, ಒಲೆ, ಪುಸ್ತಕ, ಅಜ್ಜಿಯ ಕಾಲದ ಮೇಜು ದಾರಿಬದಿಗೆ ಬೀಳುತ್ತಿದ್ದವು.

ಈ ಮಾತಿಗೆ ಜೇಮ್ಸ್ ರೀಡ್ ಎಂಬಾತನ ಕುಟುಂಬಕ್ಕಿಂತ ದೊಡ್ಡ ನಿದರ್ಶನ ಬೇಡ. 1846ರಲ್ಲಿ ಕ್ಯಾಲಿಫೋರ್ನಿಯಕ್ಕೆ ಹೊರಟ ಈತನಿಗೆ ಮೂರು ಬಂಡಿಗಳು. ಅವುಗಳಲ್ಲೊಂದು ಅರಮನೆಯಂತಿತ್ತೆಂದು ಮಗಳು ವರ್ಜೀನಿಯಾ ಮುಂದೆ ಬರೆದಳು: ಪಕ್ಕದಿಂದ ಹತ್ತುವ ಬಾಗಿಲು, ಸ್ಪ್ರಿಂಗಿನ ಆಸನ, ತಗಡಿನ ಒಲೆ, ಹೊಗೆ ಹೋಗಲು ಮಾಡಿನ ಮೂಲಕ ಕೊಳವೆ, ಮಲಗಲು ಮೇಲೊಂದು ಅಟ್ಟ. ಹಾಸಿಗೆ ಹಿಡಿದಿದ್ದ ಅತ್ತೆ ಸಾರಾ ಕೀಸ್ ಮಗಳನ್ನು ಬಿಟ್ಟಿರಲೊಲ್ಲದೆ ಹೊರಟಿದ್ದರು. ಇಷ್ಟೆಲ್ಲ ಸೌಕರ್ಯದ ಹಿಂದೆ ಆಕೆಯ ಚಿಂತೆಯೂ ಇತ್ತು. ಮೇ ತಿಂಗಳು ಮುಗಿಯುವ ಮುನ್ನವೇ, ಬಿಗ್ ಬ್ಲೂ ನದಿಯ ಬಳಿ ಆಕೆ ತೀರಿಕೊಂಡರು. ಮುಂದೆ, ಹತ್ತಿರದ ದಾರಿಯೆಂದು ನಂಬಿ ಹಿಡಿದ ಹಾದಿ ಉಪ್ಪಿನ ಮರುಭೂಮಿಗೆ ಒಯ್ದಿತು. ಅಲ್ಲಿ ರೀಡನ ಎತ್ತುಗಳು ನೀರಿಲ್ಲದೆ ಚದುರಿಹೋದವು. ಬಂಡಿಗಳನ್ನೂ ಒಂದೊಂದಾಗಿ ತೊರೆಯಬೇಕಾಯಿತು. ಡಾನರ್ ತಂಡವೆಂದು ಚರಿತ್ರೆಯಲ್ಲಿ ಕುಖ್ಯಾತವಾದ ಆ ಗುಂಪು ಸಿಯೆರಾ ನೆವಾಡಾ ಪರ್ವತದ ಹಿಮದಲ್ಲಿ ಸಿಕ್ಕಿಬಿದ್ದು, ಅರ್ಧಕ್ಕೆ ಸಮೀಪದಷ್ಟು ಜನ ಅಸುನೀಗಿದರು. ರೀಡನೂ ಆತನ ಹೆಂಡತಿಯೂ ನಾಲ್ವರು ಮಕ್ಕಳೂ ಬದುಕಿಕೊಂಡರು.

ಸಾಮಾನನ್ನೆಲ್ಲ ಬಿಟ್ಟುಬರಬೇಕೆಂದು ದೊಡ್ಡವರು ನಿರ್ಧರಿಸಿದಾಗ ಎಂಟು ವರ್ಷದ ಹುಡುಗಿ ಪ್ಯಾಟಿ ರೀಡ್, ಬೆರಳುದ್ದದ ಒಂದು ಮರದ ಗೊಂಬೆಯನ್ನು ಉಡುಪಿನೊಳಗೆ ಯಾರಿಗೂ ಕಾಣದಂತೆ ಅಡಗಿಸಿಕೊಂಡಿದ್ದಳು. ಆ ಗೊಂಬೆ ಮುಂದೆ ಸ್ಯಾಕ್ರಮೆಂಟೊ ನಗರದ ಸಟರ್ಸ್ ಫೋರ್ಟ್ ಸಂಗ್ರಹವನ್ನು ಸೇರಿತು.